ಭಾವನ ಕೈಗೆ ಸಣ್ಣ ತೋಟಾ

ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಮೂರು ವಾರದಿಂದ ಎರಡು ನಳಿಗೆಗಳು ಕಾಯುತ್ತಿದ್ದವು. ಒಂದು ಬೆಂಚಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ. ಇನ್ನೊಂದು ಬೆಂಚಿನ ಕೆಳಗೆ, ಎಣ್ಣೆ ಬಟ್ಟೆ ಸುತ್ತಿಕೊಂಡು. ಮೇಲಿನದು ಭಾವ ಹೇಳಿ ತರಿಸಿದ್ದು. ಕೆಳಗಿನದು ಭಾವನಿಗೆ ಹೇಳದೆ ಮೇಸ್ತ್ರಿ ತಾನೇ ತರಿಸಿದ್ದು.

ಗುರಿ ಸ್ಪರ್ಧೆಯ ರೈಫಲ್ಲುಗಳಿಗೆ ನಳಿಗೆ ಕೂರಿಸುವುದು ಮೇಸ್ತ್ರಿಯ ಕಸುಬು. ಕಾರ್ಖಾನೆಯಿಂದ ಬರುವಾಗ ನಳಿಗೆ ಎಂಬುದು ಬರೀ ಉಕ್ಕಿನ ಕೊಳವೆ. ಉದ್ದಕ್ಕೆ ಒಂದು ತೂತು, ತೂತಿನೊಳಗೆ ಸುರುಳಿ ಗೀರು, ಅಷ್ಟೇ. ಯಾವ ತೋಟಾ ಹಾರಿಸಬೇಕೋ ಅದು ಕೂರುವಂಥ ಗೂಡನ್ನು ಹಿಂತುದಿಯಲ್ಲಿ ಕೊರೆದ ಮೇಲೆಯೇ ಅದು ಬಂದೂಕಿನ ನಳಿಗೆ. ಕೊರೆಯುವ ಮೊದಲು ಎಷ್ಟು ಬೇಕಾದರೂ ಯೋಚನೆ ಮಾಡಬಹುದು, ಕೊರೆದ ಮೇಲೆ ತಲೆ ಚಚ್ಚಿಕೊಂಡರೂ ಸರಿಮಾಡಲು ಬರುವುದಿಲ್ಲ. ಗೂಡು ಕೂದಲೆಳೆಯಷ್ಟು ಹೆಚ್ಚಾದರೂ ನಳಿಗೆ ಹಾಳು. ಅದಕ್ಕೇ ರೈಫಲ್ ಕ್ಲಬ್ಬಿನವರು ಅವನಿಗೆ ‘ಕೂದಲೆಳೆ’ ಎಂದು ಅಡ್ಡಹೆಸರಿಟ್ಟಿದ್ದರು. ಅಂಗಿಗೆ ಗುಂಡಿ ಹೊಲಿಯುವಾಗಲೂ ಅಳತೆ ಕಡ್ಡಿ ಹಿಡಿಯುತ್ತಾನೆ ಎಂದು ಅವನ ಅಕ್ಕ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದುದು ಮಾತ್ರ ಸುಳ್ಳು. ಒಂದೇ ಒಂದು ಸಲ ಹಿಡಿದಿದ್ದ.

ಭಾವ ಎಂದರೆ ಆ ಅಕ್ಕನ ಗಂಡ. ಬಂದರಿನಲ್ಲಿ ಮೂವತ್ತೈದು ವರ್ಷ ಕ್ರೇನು ನಡೆಸಿ ನಿವೃತ್ತರಾದವರು. ಆಕಾಶದಲ್ಲಿ ತೂಗುವ ಪೆಟ್ಟಿಗೆಯನ್ನು ಗಾಳಿ ಎತ್ತ ತಳ್ಳುತ್ತದೆ ಎಂದು ನೋಡಿ ನೋಡಿ, ಗಾಳಿಯೊಂದಿಗೆ ಅವರಿಗೆ ಒಂದು ಬಗೆಯ ನೆಂಟಸ್ತನವೇ ಬೆಳೆದುಬಿಟ್ಟಿತ್ತು. ಮೇಸ್ತ್ರಿಗೆ ಬಂದೂಕು ಹಿಡಿಯಲು ಕಲಿಸಿದ್ದೂ ಅವರೇ, ಮದುವೆಯಾದ ಹೊಸದರಲ್ಲಿ, ಭಾನುವಾರ ಮಾವನ ಮನೆಯಲ್ಲಿ ಕೂತು ಹೊತ್ತು ಹೋಗದೆ. “ಅಕ್ಕನನ್ನ ಕೊಟ್ಟು ಬಂದೂಕು ತಗೊಂಡ್ವಿ, ಲಾಭದ ವ್ಯಾಪಾರ” ಎಂದು ಮೇಸ್ತ್ರಿ ಚುಡಾಯಿಸುತ್ತಿದ್ದ. “ಬಂದೂಕು ಹೇಳಿದ ಕಡೆ ಹಾರ್ತಿತ್ತು, ನಿಮ್ಮಕ್ಕ ಎಲ್ಲಿ ಹಾರ್ತಾಳೆ?” ಎಂದು ಭಾವ ತಿರುಗಿಸಿ ಕೊಡುತ್ತಿದ್ದರು. ಅಕ್ಕ ಇಬ್ಬರಿಗೂ ಒಂದೊಂದು ಗುದ್ದು ಕೊಡುತ್ತಿದ್ದಳು.

ಹದಿನೆಂಟು ವರ್ಷದಿಂದ ಇಬ್ಬರೂ ಜೋಡಿ ಸ್ಪರ್ಧೆಯಲ್ಲಿ ಹೊಡೆಯುತ್ತಿದ್ದರು. ಒಂಬೈನೂರು ಮೀಟರು ದೂರದ ಹಲಗೆ, ಪಕ್ಕಪಕ್ಕದಲ್ಲಿ ಎರಡು ಚಾಪೆ. ಒಬ್ಬ ಹದಿನೈದು ಗುಂಡು ಹೊಡೆಯುವಾಗ ಇನ್ನೊಬ್ಬ ಪಕ್ಕದಲ್ಲಿ ಮಲಗಿ ಬಾವುಟ ನೋಡುತ್ತ ಗಾಳಿ ಹೇಳಬೇಕು. ಆಮೇಲೆ ಅದಲು ಬದಲು. ಇಬ್ಬರ ಅಂಕವೂ ಕೂಡಿ ಒಂದೇ ಅಂಕ. ಗಂಡ ಹೆಂಡತಿಯರ ಹಾಗೆ, ಒಬ್ಬ ಕೆಟ್ಟರೆ ಇಬ್ಬರೂ ಕೆಟ್ಟಂತೆ.

ಭಾವನ ರೈಫಲ್ಲಿಗೆ ಹೊಸ ನಳಿಗೆ ಬೇಕು ಎಂಬ ಮಾತು ಎದ್ದದ್ದು ಅವರ ಅಂಕ ಇಳಿಯತೊಡಗಿದ ಮೇಲೆ. ಗುಂಡಿಗೆ ಐದರಂತೆ ಎಪ್ಪತ್ತೈದಕ್ಕೆ ಎಪ್ಪತ್ತೆರಡು, ಎಪ್ಪತ್ಮೂರು ಹೊಡೆಯುತ್ತಿದ್ದವರು ಅರವತ್ತೈದಕ್ಕೆ ಬಂದರು, ಆಮೇಲೆ ಅರವತ್ತಕ್ಕೆ. ನಳಿಗೆ ಸವೆದಿದೆ ಎಂದರು ಭಾವ. ಅದೇ ಹಳೇ ಅಳತೆಯದೇ ತರಿಸು, ಏಳು-ಅರವತ್ತೆರಡು ಮಿಲಿಮೀಟರ್. ಅವರ ಮಟ್ಟಿಗೆ ಅದೊಂದೇ ತೋಟಾ. ಕಿರುಬೆರಳಿನಷ್ಟು ದಪ್ಪ, ಹಾರಿದರೆ ಹತ್ತು ಜನ ತಿರುಗಿ ನೋಡಬೇಕು.

ಮೇಸ್ತ್ರಿ ಒಂದು ದಿನ ಶುಚಿ ಮಾಡಿಕೊಡುತ್ತೇನೆ ಎಂದು ಆ ರೈಫಲ್ಲನ್ನು ತಂದು, ರೇಂಜಿಗೆ ಒಬ್ಬನೇ ಹೋಗಿ ಹತ್ತು ಗುಂಡು ಹೊಡೆದು ನೋಡಿದ. ಹತ್ತಕ್ಕೆ ಹತ್ತೂ ಕಪ್ಪು ಬೊಟ್ಟಿನೊಳಗೆ. ನಳಿಗೆ ಸವೆದಿತ್ತು, ನಿಜ. ಆದರೆ ಅಂಕ ಹದಿಮೂರು ಇಳಿಯುವಷ್ಟು ಸವೆದಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನೆನಪಾಯಿತು, ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ಭಾವನ ಗುಂಡುಗಳು ಬೀಳುತ್ತಿದ್ದುದು ಯಾವಾಗಲೂ ಕೆಳಗೆ, ಎಡಕ್ಕೆ. ಬಲಗೈಯವನ ಗುಂಡು ಕೆಳಗೆ ಎಡಕ್ಕೆ ಹೋಗುತ್ತಿದೆ ಎಂದರೆ ಕಾರಣ ಒಂದೇ. ಬಂದೂಕು ಹಾರುವಾಗ ಭುಜಕ್ಕೆ ಕೊಡುವ ಒದೆತಕ್ಕೆ ಹೆದರಿ, ಗುಂಡು ಹೊರಡುವುದಕ್ಕೆ ಒಂದು ಕ್ಷಣ ಮೊದಲೇ ಮೈ ಬೆಚ್ಚುತ್ತಿದೆ.

ಅವತ್ತೇ ಅವನು ಸಣ್ಣ ತೋಟಾದ ನಳಿಗೆಯನ್ನೂ ತರಿಸಲು ಬರೆದ. ಎರಡೂ ಬಂದ ಮೇಲೆ ಒಂದು ಬುಧವಾರ ಮಾತು ತೆಗೆದ.

“ಈ ಸಲ ಸಣ್ಣದು ನೋಡೋಣ್ವಾ ಭಾವ?”

“ಸಣ್ಣದು ಅಂದ್ರೆ?”

“ಆರು ಮಿಲಿಮೀಟರ್.”

“ಅದು ತೋಟಾ ಅಲ್ಲ ಕಣೋ, ಸೊಳ್ಳೆ.”

“ಸೊಳ್ಳೆ ಗುಂಡು ಉದ್ದ ಇರುತ್ತೆ, ಮೂತಿ ಚೂಪು. ಗಾಳಿ ಕೈಗೆ ಸಿಗದೆ ಜಾರ್ಕೊಂಡು ಹೋಗುತ್ತೆ. ಅಷ್ಟು ದೂರ ಹೋಗೋದ್ರಲ್ಲಿ ನಿಮ್ಮ ದಪ್ಪದು ಒಂದು ಮಾರು ಸರಿದ್ರೆ ಇದು ಮುಕ್ಕಾಲು ಮಾರು.”

“ಗಾಳಿ ನೋಡ್ಕೊಂಡೇ ಅನ್ನ ತಿಂದವನು ನಾನು. ಕಾಲು ಮಾರಿಗೆ ಹೆದರ್ತೀನಾ?”

“ಒದೆಯೋದೂ ಅರ್ಧಕ್ಕರ್ಧ ಕಡಿಮೆ.”

ಭಾವನ ಎಡಗೈ ತಾನಾಗಿ ಮೇಲೆದ್ದು ಬಲಭುಜದ ಮೇಲೆ ಕೂತಿತು, ಬಿಸಿ ತಾಗಿದಂತೆ ಕೆಳಗಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ಮೇಸ್ತ್ರಿ ಕಣ್ಣಾರೆ ಕಂಡದ್ದು ಅದೇ ಮೊದಲು.

“ಒದೆಯೋ ಮಾತು ಯಾರಾಡಿದ್ರು ಈಗ?” ಎಂದರು ಭಾವ.

“ಯಾರೂ ಇಲ್ಲ.”

“ಸಣ್ಣದರ ಬ್ಯಾರೆಲ್ ಎರಡು ಸಾವಿರ ಗುಂಡಿಗೆ ಸುಟ್ಟು ಹೋಗುತ್ತೆ. ದಪ್ಪದು ಐದು ಸಾವಿರ ತಡೆಯುತ್ತೆ. ಇಷ್ಟೂ ಗೊತ್ತಿಲ್ದೆ ಮೇಸ್ತ್ರಿ ಅಂತ ಬೋರ್ಡು ಹಾಕ್ಕೊಂಡಿದ್ದೀಯಲ್ಲ!” ಎಂದು ನಗುತ್ತ ಬೆನ್ನು ತಟ್ಟಿ ಹೊರಟರು. ತಟ್ಟಿದ್ದು ಎಡಗೈಯಲ್ಲಿ.

ಕ್ಲಬ್ಬಿನ ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಏನೂ ನೋವಾಗಲ್ಲ ಎಂದು ಹೇಳುತ್ತ ಹೇಳುತ್ತಲೇ ಕಿತ್ತು ಕೈಗೆ ಕೊಡುವ ಅಭ್ಯಾಸ. ಮುಂದಿನ ಭಾನುವಾರ ಅವರು ಮೇಸ್ತ್ರಿಯನ್ನು ಬಾವುಟದ ಕಂಬದ ಹತ್ತಿರ ಕರೆದರು.

“ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳು ಕ್ಲಬ್ಬಿನ ತಂಡದ ಆಯ್ಕೆಗೆ ನಿಮ್ಮ ಜೊತೆ ಪೋಸ್ಟ್‌ಮಾಸ್ಟರನ್ನ ಹಾಕೋಣ ಅಂತ. ನೀವಿಬ್ರೂ ಸೇರಿದ್ರೆ ಕ್ಲಬ್ಬಿಗೆ ಒಳ್ಳೇದು. ನಿಮ್ಮ ಭಾವನಿಗೂ ವಿಶ್ರಾಂತಿ.”

“ಅವರು ಸರಿ ಹೋಗ್ತಾರೆ. ಹೊಸ ಬ್ಯಾರೆಲ್ ಹಾಕ್ತಿದ್ದೀನಿ.”

“ಬ್ಯಾರೆಲ್ಲಾ?” ಎಂದು ಡಾಕ್ಟರು ಅವನ ಮುಖ ನೋಡಿದರು. “ಆಯ್ಕೆ ದಿನ ಎಪ್ಪತ್ತರ ಮೇಲೆ ಹೊಡೀಲಿ, ನಾನು ತುಟಿಪಿಟಕ್ ಅನ್ನಲ್ಲ. ಇಲ್ಲ ಅಂದ್ರೆ ನೀವೇ ಹೇಳಿಬಿಡಿ ಅವರಿಗೆ. ಮನೆಯವರು ಹೇಳಿದ್ರೆ ಚೆನ್ನ.”

ಪೋಸ್ಟ್‌ಮಾಸ್ಟರು ಒಳ್ಳೆಯ ಗುರಿಕಾರ, ಸಭ್ಯ, ಮಾತು ಕಡಿಮೆ. ಮೇಸ್ತ್ರಿಗೆ ಅವನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಪಕ್ಕದ ಚಾಪೆಯಲ್ಲಿ ಭಾವನಿಲ್ಲದೆ ಬಂದೂಕು ಹಿಡಿಯುವುದನ್ನು ಅವನು ಯೋಚಿಸಲೂ ಆರ. ಭಾವ ಚಾಪೆ ಸುತ್ತಿ ಮನೆ ಸೇರಿದರೆ ತಾನೂ ಸೇರಿದಂತೆಯೇ. ಅವರನ್ನು ಉಳಿಸಿಕೊಳ್ಳಬೇಕು. ಉಳಿಯಬೇಕಾದರೆ ಸಣ್ಣ ತೋಟಾ ಒಪ್ಪಬೇಕು. ಒಪ್ಪಬೇಕಾದರೆ ಭುಜ ನೋಯುತ್ತದೆ, ಬೆಚ್ಚುತ್ತೇನೆ ಎಂದು ಅವರು ಬಾಯಿಬಿಡಬೇಕು. ಇಲ್ಲಿ ಬಂದು ದಾರಿ ಮುಚ್ಚುತ್ತಿತ್ತು. ಗುರಿಕಾರನಿಗೆ ನೀನು ಬೆಚ್ಚುತ್ತೀಯ ಎನ್ನುವುದೂ ಹಾಡುವವನಿಗೆ ನಿನಗೆ ಶ್ರುತಿಯಿಲ್ಲ ಎನ್ನುವುದೂ ಒಂದೇ. ಅದರಲ್ಲೂ ಹಾಡು ಕಲಿಸಿದವರಿಗೇ ಹೋಗಿ ಹೇಳುವುದು ಹೇಗೆ?

ಹೇಳದೆ ತೋರಿಸಿದರೆ ಹೇಗೆ ಎಂದು ಯೋಚಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಳತೆಯ ಕೆಲಸದಲ್ಲಿ ಎಂದೂ ತಪ್ಪದವನು ಬದುಕಿನ ಕೆಲಸದಲ್ಲಿ ತಪ್ಪುವುದು ಇಂಥ ಕಡೆಯೇ.

ಹೊಸಬರಿಗೆ ಬಂದೂಕು ಕಲಿಸುವಾಗ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಐದು ತೋಟಾಗಳ ನಡುವೆ ಮದ್ದಿಲ್ಲದ ಒಂದು ಸುಳ್ಳು ತೋಟಾ ಸೇರಿಸಿಡುತ್ತಾರೆ. ಟ್ರಿಗರ್ ಎಳೆದಾಗ ಬರೀ ‘ಟಿಕ್’ ಎನ್ನುತ್ತದೆ. ಬಂದೂಕು ಹಾರದಿದ್ದರೂ ಮೂತಿ ಕೆಳಕ್ಕೆ ಹಾರಿದರೆ ಬೆಚ್ಚಿದ್ದು ಎಲ್ಲರಿಗೂ ಕಾಣುತ್ತದೆ, ಬೆಚ್ಚಿದವನಿಗೂ. ಆದರೆ ಮೊದಲೇ ಹೇಳಿ ಕೊಡುತ್ತಾರೆ: ಇದರಲ್ಲಿ ಒಂದು ಸುಳ್ಳಿದೆ, ಯಾವುದು ಅಂತ ಹೇಳಲ್ಲ. ಹೇಳದೆ ಕೊಡುವುದು ಕ್ರಮವಲ್ಲ.

ಮೇಸ್ತ್ರಿ ಒಂದಿಡೀ ಮಧ್ಯಾಹ್ನ ಕೂತು ಸುಳ್ಳು ತೋಟಾ ಮಾಡಿದ. ಹಾರಿದ ತೋಟಾದ ಹಿತ್ತಾಳೆ ಕೊಳವೆ, ತಳದಲ್ಲಿ ಒಮ್ಮೆ ಪೆಟ್ಟು ಬಿದ್ದು ಕಿಡಿ ಕಳೆದುಕೊಂಡ ಕ್ಯಾಪು, ಮೇಲೆ ನಿಜವಾದ ಗುಂಡು. ಮದ್ದಿಲ್ಲದ್ದರಿಂದ ಮೂರು ಗ್ರಾಮಿನಷ್ಟು ಹಗುರಾಯಿತು. ಭಾವನ ಕೈ ಸಾಮಾನ್ಯದ್ದಲ್ಲ, ಗೊತ್ತಾಗಿಬಿಡುತ್ತದೆ. ಗುಂಡು ತೆಗೆದು, ಮರಳು ಜಾಲಿಸಿ, ತಕ್ಕಡಿಯಲ್ಲಿ ತೂಗಿ ತೂಗಿ ತುಂಬಿದ. ಕೊನೆಗೆ ನಿಜವಾದ ತೋಟಾಕ್ಕೂ ಇದಕ್ಕೂ ಒಂದು ಸಾಸಿವೆ ಕಾಳಿನ ತೂಕವೂ ವ್ಯತ್ಯಾಸವಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿ ಬಂತು ಎಂದು ಅವನಿಗೆ ಖುಷಿಯೂ ಆಯಿತು, ಅದು ಅವನ ಸ್ವಭಾವ.

ಈ ಜೋಡಿಯಲ್ಲಿ ಬೇರೆಯವರಲ್ಲಿ ಇಲ್ಲದ ಒಂದು ರೂಢಿಯಿತ್ತು. ಉಳಿದ ಗುರಿಕಾರರು ತಮ್ಮ ಡಬ್ಬಿಯಿಂದ ತಾವೇ ಒಂದೊಂದು ತೋಟಾ ತೆಗೆದುಕೊಳ್ಳುತ್ತಾರೆ. ಅದಕ್ಕಾಗಿ ಪ್ರತಿ ಸಲ ಕಣ್ಣು ಗುರಿಯಿಂದ ಆಚೆ ಹೋಗಿ ಬರಬೇಕು. ಭಾವ ಮೊದಲ ವರ್ಷವೇ ಬೇರೆ ಕ್ರಮ ಹಾಕಿದ್ದರು. ಹೊಡೆಯುವವನು ಕಣ್ಣು ತೆಗೆಯದೆ ಅಂಗೈ ಮಾತ್ರ ಪಕ್ಕಕ್ಕೆ ಚಾಚಬೇಕು, ಪಕ್ಕದವನು ಮೂತಿ ಮುಂದಾಗಿ ತೋಟಾ ಇಡಬೇಕು. ಕೈ ಹಾಗೇ ಹೋಗಿ ಬಂದೂಕಿಗೆ ಹಾಕುತ್ತದೆ. ಹದಿನೆಂಟು ವರ್ಷದಲ್ಲಿ ಕೈಗೆ ಬಂದ ತೋಟಾವನ್ನು ಭಾವ ಒಂದು ಸಲವೂ ನೋಡಿರಲಿಲ್ಲ. ಮೇಸ್ತ್ರಿಯೂ ನೋಡಿರಲಿಲ್ಲ.

ಆ ಭಾನುವಾರ ಬೆಳಗ್ಗೆ ಗಾಳಿ ಮಂದವಾಗಿತ್ತು, ಬಾವುಟಗಳು ಅರ್ಧ ಎದ್ದು ಅರ್ಧ ಬೀಳುತ್ತಿದ್ದವು. ಹತ್ತು ಗುಂಡಿಗೆ ಭಾವ ನಲವತ್ತು ಹೊಡೆದಿದ್ದರು. ಹನ್ನೊಂದನೆಯದಕ್ಕೆ ಅಂಗೈ ಚಾಚಿದರು. ಮೇಸ್ತ್ರಿ ಸುಳ್ಳು ತೋಟಾ ಇಟ್ಟ. ಕೈ ಹೋಯಿತು, ತೋಟಾದ ಹಿಂದೆ ಬೋಲ್ಟ್ ಮುಚ್ಚಿತು, ಭಾವ ಉಸಿರು ಬಿಟ್ಟು ನಿಲ್ಲಿಸಿದರು.

ಟಿಕ್.

ನಳಿಗೆಯ ಮೂತಿ ಎರಡು ಬೆರಳು ಕೆಳಗೆ ಕುಕ್ಕಿತು. ಭುಜ ಮುಂದಕ್ಕೆ ನುಗ್ಗಿತು. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿ ಸೊಟ್ಟಗಾಗಿತ್ತು, ಪಕ್ಕದಿಂದ ನೋಡಿದರೆ ಚುಚ್ಚುಮದ್ದಿಗೆ ತೋಳು ಕೊಟ್ಟ ಮಗುವಿನ ಮುಖದ ಹಾಗಿತ್ತು.

ತೋಟಾ ಹಾರದಿದ್ದರೆ ತಕ್ಷಣ ಬೋಲ್ಟ್ ತೆಗೆಯಬಾರದು ಎಂಬುದು ರೇಂಜಿನ ನಿಯಮ. ಮದ್ದು ಒಳಗೆ ನಿಧಾನವಾಗಿ ಹತ್ತಿಕೊಳ್ಳುತ್ತಿರಬಹುದು. ಬಂದೂಕು ಗುರಿಯ ಕಡೆಗೇ ಹಿಡಿದು ಮೂವತ್ತು ಎಣಿಸಬೇಕು. ಭಾವ ನಿಯಮ ತಪ್ಪುವವರಲ್ಲ. ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡು ಮೆಲ್ಲಗೆ ಎಣಿಸತೊಡಗಿದರು. ಒಂದು, ಎರಡು, ಮೂರು. ಅದು ಸುಳ್ಳು ತೋಟಾ ಭಾವ, ತೆಗೀರಿ ಎಂದರೆ ಮುಗಿಯುತ್ತಿತ್ತು. ಮೇಸ್ತ್ರಿಗೆ ಬಾಯಿ ಬರಲಿಲ್ಲ. ಹನ್ನೆರಡು, ಹದಿಮೂರು. ಯಾವ ಕ್ಷಣದಲ್ಲಾದರೂ ಸಿಡಿಯಬಹುದಾದ ತೋಟಾವನ್ನು ನೋಯುವ ಭುಜಕ್ಕೆ ಆನಿಸಿಕೊಂಡು ಅರವತ್ತನಾಲ್ಕು ವರ್ಷದ ಮನುಷ್ಯ ಒಂದೊಂದೇ ಎಣಿಸುತ್ತಿದ್ದುದನ್ನು ಅವನು ಮೂವತ್ತರವರೆಗೂ ಕೇಳಿದ.

ಭಾವ ಬೋಲ್ಟ್ ತೆಗೆದರು. ತೋಟಾವನ್ನು ಅಂಗೈಯಲ್ಲಿ ತೂಗಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಮರಳು ಸರಸರ ಎಂದಿತು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಮೇಸ್ತ್ರಿಯ ಮೈಮೇಲಿಂದ ಕೈ ಚಾಚಿ, ಡಬ್ಬಿಯಿಂದ ತಾವೇ ಇನ್ನೊಂದು ತೆಗೆದುಕೊಂಡರು. ಉಳಿದ ನಾಲ್ಕನ್ನೂ ಹಾಗೇ ತೆಗೆದುಕೊಂಡರು. ಮನೆಗೆ ಹೋಗುವ ದಾರಿಯಲ್ಲಿ ಬಸ್ಸು ತಡವಾದ ಬಗ್ಗೆ ಮಾತಾಡಿದರು, ಬೇರೇನೂ ಇಲ್ಲ.

ಪ್ರತಿ ಬುಧವಾರ ಬರುತ್ತಿದ್ದ ಭಾವ ಈ ಸಲ ವರ್ಕ್‌ಶಾಪಿಗೆ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಕ್ಕ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನಕ್ಕೆ ಆರುನೂರು ಹೊದಿಕೆ ಕೈಯಲ್ಲಿ ಹಾದುಹೋಗುವ ಹೆಂಗಸು, ಕಲೆ ಎಲ್ಲಿದೆ ಎಂದು ನೋಡಿದ ತಕ್ಷಣ ಹೇಳಬಲ್ಲವಳು. ಸ್ಟೂಲಿನ ಮೇಲಿದ್ದ ಲೋಹದ ಪುಡಿ ಊದಿ ಕೂತಳು.

“ಏನು ಮಾಡ್ದೆ ನಿಮ್ಮ ಭಾವನಿಗೆ?”

“ಏನಾಯ್ತು?”

“ಬಂದೂಕು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ್ದಾರೆ. ಕ್ಲಬ್ಬಿಗೆ ಕೊಟ್ಟುಬಿಡ್ತೀನಿ ಅಂತಾರೆ. ಕೇಳಿದ್ರೆ ಮುಖ ಗೋಡೆ ಕಡೆ. ಆರು ತಿಂಗಳಿಂದ ಬಲ ಮಗ್ಗುಲಿಗೆ ಮಲಗಿದ್ದೇ ಇಲ್ಲ ಆ ಮನುಷ್ಯ, ನಂಗೇನೂ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಅದನ್ನ ನೋಡ್ಕೊಂಡು ಸುಮ್ನಿದ್ದೆ. ಇದು ಬೇರೆ. ಇದು ಭುಜದ್ದಲ್ಲ.”

ಮೇಸ್ತ್ರಿ ಎಲ್ಲ ಹೇಳಿದ. ಮರಳು ತುಂಬಿದ್ದನ್ನು ಹೇಳುವಾಗ ದನಿ ಸಣ್ಣದಾಯಿತು.

“ಕೇಳಿದ್ರೆ ನಾಲಿಗೆ ಸವೀತಿತ್ತಾ?”

“ಅವರು ಹೇಳ್ತಿರಲಿಲ್ಲ ಅಕ್ಕ.”

“ಹೇಳ್ತಿರಲಿಲ್ಲ. ಆದ್ರೂ ನೀನು ಕೇಳಬೇಕಿತ್ತು.” ಅವಳು ಎದ್ದು ಸೀರೆ ಕೊಡವಿಕೊಂಡಳು. “ಚಿಕ್ಕೋನಿದ್ದಾಗ್ಲೂ ಹೀಗೇ. ಗಡಿಯಾರ ಯಾಕೆ ನಿಂತಿದೆ ಅಂತ ಅಪ್ಪನ್ನ ಕೇಳೋದು ಬಿಟ್ಟು ಬಿಚ್ಚಿ ಹಾಕ್ದೆ. ನಾಳೆ ಮನೇಲಿರ್ತಾರೆ. ಬಾ.”

ಮರುದಿನ ಬೆಳಗ್ಗೆ ಮೇಸ್ತ್ರಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಸಣ್ಣ ನಳಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರನೇ ಮಹಡಿ ಹತ್ತಿದ. ಭಾವ ಬಾಲ್ಕನಿಯಲ್ಲಿ ಕೂತಿದ್ದರು. ದೂರದಲ್ಲಿ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ಭಾವ ಜೇಬಿನಿಂದ ಸುಳ್ಳು ತೋಟಾ ತೆಗೆದು ಅವನ ಮುಂದಿನ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು.

“ನಿಂದು. ತಗೋ.”

“ತಪ್ಪಾಯ್ತು ಭಾವ.”

“ಹೌದು, ಬೆಚ್ತೀನಿ,” ಎಂದರು ಭಾವ, ಹವಾಮಾನ ಹೇಳುವವರ ಹಾಗೆ. “ಆರು ತಿಂಗಳಾಯ್ತು. ಗುಂಡು ಹೊರಡೋಕೆ ಮುಂಚೆನೇ ಭುಜಕ್ಕೆ ಅಳು ಬರುತ್ತೆ. ನೀನು ನೋಡಿದ್ದೀಯ ಅಂತ್ಲೂ ಗೊತ್ತಿತ್ತು. ನೋಡದೆ ಇರ್ತೀಯಾ? ಅದಕ್ಕೆ ನಂಗೆ ಬೇಜಾರಿಲ್ಲ.”

ಭಾವ ತೋಟಾವನ್ನು ಬೆರಳಿನಿಂದ ಅವನ ಕಡೆ ತಳ್ಳಿದರು.

“ಮನೆಗೆ ಬಂದು ಇದನ್ನ ತೂಗಿ ನೋಡ್ದೆ. ನಿಜವಾದ್ದೂ ಅಷ್ಟೇ, ಇದೂ ಅಷ್ಟೇ. ಎಷ್ಟು ಹೊತ್ತು ಕೂತಿದ್ದೆ ಇದನ್ನ ಮಾಡೋಕೆ?”

“ಒಂದು ಮಧ್ಯಾಹ್ನ.”

“ಒಂದು ಮಧ್ಯಾಹ್ನ! ನನ್ನ ಕೈಗೆ ಗೊತ್ತಾಗಬಾರದು ಅಂತ. ಆ ಮಧ್ಯಾಹ್ನ ಇಲ್ಲಿಗೆ ಬಂದು ಒಂದು ಲೋಟ ಟೀ ಕುಡಿದು ಕೇಳಿದ್ರೆ ನಾನು ಬೈದು ಕಳಿಸ್ತಿದ್ದೆ. ಸಂಜೆಗೆ ನಾನೇ ಬರ್ತಿದ್ದೆ.” ಭಾವ ಕ್ರೇನುಗಳ ಕಡೆ ತಿರುಗಿದರು. “ಇಲ್ಲ, ಸಂಜೆಗೆ ಬರ್ತಿರಲಿಲ್ಲ. ಒಂದು ವಾರ ಆಗ್ತಿತ್ತು.”

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ಬಾಗಿಲ ಹಿಂದೆಯೇ ನಿಂತಿದ್ದಳು.

“ಕಂಕುಳಲ್ಲಿ ಏನದು?” ಎಂದರು ಭಾವ.

ಮೇಸ್ತ್ರಿ ಬಟ್ಟೆ ಬಿಚ್ಚಿ ಕೊಟ್ಟ. ಭಾವ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿಂದ ಒಳಗೆ ನೋಡಿದರು. ತಿರುಗಿಸಿ ಇನ್ನೊಂದು ತುದಿಯಿಂದಲೂ ನೋಡಿದರು. ತೂತಿಗೆ ಕಿರುಬೆರಳಿನ ತುದಿ ಹಾಕಲು ಹೋದರು, ಹೋಗಲಿಲ್ಲ.

“ಸೊಳ್ಳೇನೇ,” ಎಂದರು. “ಗುಂಡು ಎಷ್ಟು ಉದ್ದ?”

ಮೇಸ್ತ್ರಿ ಜೇಬಿನಿಂದ ಒಂದು ಗುಂಡು ತೆಗೆದು ಕೊಟ್ಟ. ಮೊಳೆಯ ಹಾಗೆ ಉದ್ದ, ಹಿಂಬದಿಯೂ ಸಣ್ಣಗೆ ಇಳಿದಿತ್ತು. ಭಾವ ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಲ್ಕನಿಯ ಗಾಳಿಗೆ ಒಡ್ಡಿ, ಅತ್ತ ಇತ್ತ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಆ ನೋಟದಲ್ಲಿ ಭುಜವೂ ಇರಲಿಲ್ಲ, ಬಾಮೈದನೂ ಇರಲಿಲ್ಲ. ಮೂವತ್ತೈದು ವರ್ಷದ ಹಳೇ ಕಸುಬು ಮಾತ್ರ ಇತ್ತು.

“ಅಡ್ಡ ಗಾಳೀಲಿ ಚೆನ್ನಾಗೇ ಹೋಗುತ್ತೆ ಇದು,” ಎಂದರು. “ಎದುರು ಗಾಳೀಲಿ ಸ್ವಲ್ಪ ಮೇಲೆ ಹಿಡೀಬೇಕೋ ಏನೋ. ನೋಡ್ಬೇಕು. ಎರಡು ಸಾವಿರಕ್ಕೆ ಸವೆಯುತ್ತೆ ಅಂದೆನಲ್ಲ, ಆಮೇಲೇನು ಮಾಡ್ತೀಯ?”

“ಇನ್ನೊಂದು ಹಾಕ್ತೀನಿ.”

“ಅದೂ ಸವೆದ್ರೆ?”

“ಮತ್ತೊಂದು.”

“ಹೂಂ. ಕೊರಿ ಹಾಗಾದ್ರೆ.”

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಮಾತು ಮುಗಿಯಿತು, ಮನಸ್ಸು ತಿಳಿಯಾಯಿತು, ಎಂದುಕೊಂಡ. ಮುಂದಿನ ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ನಳಿಗೆಯನ್ನು ಲೇತಿಗೆ ಕಟ್ಟಿ, ಕೂದಲೆಳೆಯ ಹತ್ತರಲ್ಲೊಂದು ಭಾಗವೂ ಅಲುಗದಂತೆ ನಡುವಿಗೆ ತಂದು, ಗೂಡು ಕೊರೆಯುವ ರೀಮರನ್ನು ಕೈಯಲ್ಲಿ ಅಷ್ಟಷ್ಟೇ ಒಳಕ್ಕೆ ಬಿಟ್ಟು, ಪ್ರತಿ ಸಲ ಹೊರತೆಗೆದು ಉಕ್ಕಿನ ಸಿಪ್ಪೆ ಒರೆಸಿ, ಎಣ್ಣೆ ಹಾಕಿ, ಮತ್ತೆ ಬಿಟ್ಟ. ಅವನ ಬದುಕಿನಲ್ಲೇ ಅಷ್ಟು ಚೆನ್ನಾದ ಗೂಡು ಇನ್ನೊಂದು ಕೊರೆದಿರಲಿಲ್ಲ. ರೈಫಲ್ಲು ಸಿದ್ಧವಾದಾಗ ಆಯ್ಕೆಗೆ ಹತ್ತು ದಿನ ಉಳಿದಿತ್ತು. ನಡುವಿನ ಭಾನುವಾರ ಹುಲ್ಲು ಕತ್ತರಿಸಲು ರೇಂಜು ಮುಚ್ಚಿದ್ದರು. ಭಾವ ವಾರದ ದಿನಗಳಲ್ಲಿ ಒಬ್ಬರೇ ಹೋಗಿ ಹೊಡೆದು ಬಂದರು. ಹೇಗಿದೆ ಎಂದು ಕೇಳಿದ್ದಕ್ಕೆ “ಪರವಾಗಿಲ್ಲ, ಕಚ್ಚುತ್ತೆ” ಎಂದರು. ಅಕ್ಕ ಬೇರೆ ಸುದ್ದಿ ತಂದಳು: ಮೊನ್ನೆಯಿಂದ ಬಲ ಮಗ್ಗುಲಿಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ.

ಆಯ್ಕೆಯ ದಿನ ಗಾಳಿ ಬಲದಿಂದ ಎಡಕ್ಕೆ ಬೀಸುತ್ತಿತ್ತು, ಒಮ್ಮೆ ಜೋರು, ಒಮ್ಮೆ ಮಂದ. ಡಾಕ್ಟರು ಕೈಯಲ್ಲಿ ಹಾಳೆ ಹಿಡಿದು ಹಿಂದೆ ನಿಂತರು. ಭಾವ ಮಲಗಿ, ಕೆನ್ನೆ ಮರಕ್ಕೆ ಒತ್ತಿ, ಅಂಗೈ ಪಕ್ಕಕ್ಕೆ ಚಾಚಿದರು.

ಮತ್ತೆ ಚಾಚಿದ ಆ ಅಂಗೈಯನ್ನು ಮೇಸ್ತ್ರಿ ಒಂದು ಸಲ ನೋಡಿದ. ಸಣ್ಣ ತೋಟಾವನ್ನು ಮೂತಿ ಮುಂದಾಗಿ ಇಟ್ಟ.

ಕೈ ಬಂದೂಕಿಗೆ ಹೋಗಲಿಲ್ಲ. ಭಾವ ಕೆನ್ನೆಯನ್ನು ಮರದಿಂದ ಎತ್ತಿದರು. ಹಣೆಯ ಮೇಲಿದ್ದ ಓದುವ ಕನ್ನಡಕವನ್ನು ಇಳಿಸಿಕೊಂಡು, ತೋಟಾ ತಿರುಗಿಸಿ, ತಳದ ಕ್ಯಾಪನ್ನು ನೋಡಿದರು. ಹೊಸ ಕ್ಯಾಪು, ಪೆಟ್ಟು ಬಿದ್ದಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರು. ಕನ್ನಡಕ ಮೇಲೇರಿಸಿ, ತೋಟಾ ಹಾಕಿ, ಮತ್ತೆ ಕೆನ್ನೆ ಒತ್ತಿದರು. ಇದರಲ್ಲಿ ಸಿಟ್ಟು ಇರಲಿಲ್ಲ, ತೋರಿಕೆ ಇರಲಿಲ್ಲ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿದೆಯಾ ಎಂದು ನೋಡುವವರ ಹಾಗೆ ನೋಡಿದ್ದರು.

“ಗಾಳಿ?” ಎಂದರು.

“ಎರಡು ಗೆರೆ ಬಲಕ್ಕೆ ಹಿಡೀರಿ.”

ಬಂದೂಕು ಹಾರಿತು. ಭುಜ ಕದಲಲಿಲ್ಲ. ದೂರದಲ್ಲಿ ಹಲಗೆ ಕೆಳಗಿಳಿದು ಮೇಲೆ ಬಂತು, ಗುಂಡು ಬಿದ್ದ ಜಾಗ ತೋರಿಸುವ ಬಿಳಿ ಬಿಲ್ಲೆ ಕಪ್ಪಿನ ನಟ್ಟನಡುವೆ ಕೂತಿತ್ತು. ಐದು.

ಅವನು ಹೇಳಿದ ಗಾಳಿಯನ್ನು ಭಾವ ಪ್ರಶ್ನೆ ಮಾಡಲಿಲ್ಲ. ಅವನು ಎರಡು ಎಂದರೆ ಎರಡು, ಎರಡೂವರೆ ಎಂದರೆ ಎರಡೂವರೆ ಹಿಡಿದರು. ತೋಟಾ ಮಾತ್ರ ಪ್ರತಿ ಸಲ ನೋಡಿದರು. ಅಂಗೈ, ಕನ್ನಡಕ, ಕ್ಯಾಪು, ಕಿವಿ. ಎರಡನೆಯದಕ್ಕೂ, ಐದನೆಯದಕ್ಕೂ, ಹತ್ತನೆಯದಕ್ಕೂ. ಬಿಲ್ಲೆ ನಡುವಿನಲ್ಲೇ ಕೂರುತ್ತಿತ್ತು, ಎರಡು ಸಲ ಮಾತ್ರ ಅಂಚಿಗೆ ಹೋಗಿ ಬಂತು. ಹಿಂದಿನಿಂದ ಡಾಕ್ಟರು “ಭೇಷ್” ಎಂದದ್ದು ಕೇಳಿಸಿತು. ಹದಿನಾಲ್ಕು ಮುಗಿದಾಗ ಅರವತ್ತೆಂಟು ಆಗಿತ್ತು. ಇನ್ನೊಂದು ಗುಂಡಿಗೆ ಕೆಲಸ ಆದಂತೆಯೇ. ಪೋಸ್ಟ್‌ಮಾಸ್ಟರು ಬೇರೆ ಜೋಡಿ ಹುಡುಕಿಕೊಳ್ಳಬೇಕಾಗಿತ್ತು. ಮೇಸ್ತ್ರಿ ಬಯಸಿದ್ದು ಇದನ್ನೇ. ಬಯಸಿದ್ದೆಲ್ಲ ಕೈಗೆ ಬಂದಿತ್ತು.

ಹದಿನೈದನೆಯದಕ್ಕೆ ಅಂಗೈ ಚಾಚಿತು. ಮೇಸ್ತ್ರಿ ತೋಟಾ ಇಟ್ಟ, ಇಟ್ಟ ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ.

“ನೋಡೋದು ಬೇಡ ಭಾವ,” ಎಂದ. “ಸರಿಯಾಗಿದೆ. ಆಣೆ.”

“ಗೊತ್ತು ಕಣೋ,” ಎಂದರು ಭಾವ, ತುಂಬ ಮೆತ್ತಗೆ.

ಆಮೇಲೆ ಕನ್ನಡಕ ಇಳಿಸಿಕೊಂಡು ನೋಡಿದರು.